ಗಿನಿಪಿಗ್ ಹುಲ್ಲು ಬಿಟ್ಟರೆ ನಾಳೆವರೆಗೆ ಕಾಯಬೇಡಿ

ಬೆಳಿಗ್ಗೆ ಎದ್ದ ಕೂಡಲೇ ಗೂಡಿನಲ್ಲಿ ಹಿಕ್ಕೆ ನೋಡಿ. ಗಿನಿಪಿಗ್ ಸಾಕುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹಿಕ್ಕೆ ಉದ್ದುದ್ದವಾಗಿ, ಒಂದೇ ಗಾತ್ರದಲ್ಲಿ, ಕಂದು ಬಣ್ಣದಲ್ಲಿ ರಾಶಿ ಬಿದ್ದಿದ್ದರೆ ಹೊಟ್ಟೆ ಸರಿಯಿದೆ. ಚಿಕ್ಕದಾಗಿ, ಒಣಗಿ, ಒಂದು ತುದಿ ಚೂಪಾಗಿದ್ದರೆ, ಅಥವಾ ರಾತ್ರಿಯಿಡೀ ನಾಲ್ಕಾರು ಮಾತ್ರ ಬಿದ್ದಿದ್ದರೆ ಕರುಳಿನ ಕೆಲಸ ನಿಧಾನವಾಗಿದೆ. ನೀರು ನೀರಾಗಿ ಹಿಂಭಾಗಕ್ಕೆ ಮೆತ್ತಿಕೊಂಡಿದ್ದರೆ ಭೇದಿ. ಎರಡೂ ಕೆಟ್ಟದ್ದೇ.

ಈ ಪ್ರಾಣಿ ತನ್ನ ನೋವನ್ನು ಬೇಗ ತೋರಿಸಿಕೊಳ್ಳುವುದಿಲ್ಲ. ಬೇರೆ ಪ್ರಾಣಿಗಳಿಗೆ ಆಹಾರವಾಗಿ ಹುಟ್ಟಿದ ಜೀವ, ಕಾಯಿಲೆಯನ್ನು ಮುಚ್ಚಿಡುವುದೇ ಅದರ ಗುಣ. ಬೆನ್ನು ಉಬ್ಬಿಸಿ, ಕೂದಲು ನಿಮಿರಿಸಿಕೊಂಡು ಮೂಲೆಯಲ್ಲಿ ಕೂತಿರುತ್ತದೆ. ಫ್ರಿಜ್ ಬಾಗಿಲಿನ ಸದ್ದಿಗೆ ಕೂಗಿ ಓಡಿ ಬರುತ್ತಿದ್ದದ್ದು ತಲೆ ಎತ್ತುವುದೂ ಇಲ್ಲ. ಹಲ್ಲು ಕಡಿಯುತ್ತಿದ್ದರೆ ಅದು ನೋವಿಗೇ. ಇಷ್ಟು ಕಂಡ ದಿನವೇ ಡಾಕ್ಟರಿಗೆ ಫೋನ್ ಮಾಡಿ.

'ಒಂದು ದಿನ ಹೊಟ್ಟೆ ಖಾಲಿ ಇಟ್ಟರೆ ಸರಿಯಾಗುತ್ತೆ' ಅಂತ ಮನೆಯ ಹಿರಿಯರು ಹೇಳುತ್ತಾರೆ ಅಲ್ವಾ? ನಾಯಿಗೆ ಕೆಲವು ಸಲ ಆ ಮಾತು ನಡೆಯಬಹುದು. ಗಿನಿಪಿಗ್‌ಗೆ ಉಪವಾಸವೇ ಅಪಾಯ. ಅದು ತಿಂದ ನಾರು ಕರುಳಿನ ಒಂದು ದೊಡ್ಡ ಚೀಲದಲ್ಲಿ ಹುಳಿಯಬೇಕು. ಅಲ್ಲಿನ ಒಳ್ಳೆಯ ಸೂಕ್ಷ್ಮಜೀವಿಗಳು ಬದುಕುವುದೂ, ಕರುಳು ಅಲ್ಲಾಡುತ್ತಾ ಇರುವುದೂ ಆ ನಾರಿನಿಂದಲೇ. ಮೇಲಿನಿಂದ ಹುಲ್ಲು ಬರುವುದು ನಿಂತರೆ ಒಳಗೆ ಗ್ಯಾಸ್ ತುಂಬುತ್ತದೆ, ಕೆಟ್ಟ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ. ಮೈಯ ಕೊಬ್ಬು ಕರಗಿ ಲಿವರ್‌ಗೆ ಸೇರಿ ಅದನ್ನೂ ಕೆಡಿಸುತ್ತದೆ. ವಾಂತಿ ಮಾಡಿ ಹೊರಗೆ ಹಾಕಲೂ ಈ ಪ್ರಾಣಿಗೆ ಆಗುವುದಿಲ್ಲ. 12 ಗಂಟೆ ಏನೂ ತಿಂದಿಲ್ಲ ಅಂದರೆ ಆಗಲೇ ತಡವಾಗಿದೆ ಅಂತ ತಿಳಿಯಿರಿ.

ನಮ್ಮ ಕೊಡಗಿನಲ್ಲಿ ಈ ತೊಂದರೆ ಮಳೆಗಾಲದಲ್ಲಿ ನನ್ನ ಕಣ್ಣಿಗೆ ಜಾಸ್ತಿ ಬಿದ್ದಿದೆ. ಕಾರಣ ಹುಲ್ಲು. ಜೂನ್‌ನಲ್ಲಿ ಮಳೆ ಹಿಡಿದರೆ ಬಟ್ಟೆಯೇ ವಾರಗಟ್ಟಲೆ ಒಣಗದ ಊರಿದು. ಚೀಲದಲ್ಲಿಟ್ಟ ಒಣಹುಲ್ಲು ಕೈಗೆ ಒಣಗಿದಂತೆಯೇ ಸಿಗುತ್ತದೆ, ನಡುವೆ ಕೈ ಹಾಕಿದರೆ ತಣ್ಣಗೆ, ಬೂಷ್ಟಿನ ವಾಸನೆ. ಅಂಥ ಹುಲ್ಲನ್ನು ಕೊಡವಿ, ಬಿಸಿಲು ತೋರಿಸಿ ಕೊಡುವುದೂ ಬೇಡ. ಹಸುವಿನ ಗೊಬ್ಬರದ ಗುಂಡಿಗೆ ಹಾಕಿಬಿಡಿ. ಮೇ ತಿಂಗಳು ಮುಗಿಯುವುದರೊಳಗೆ ಮಳೆಗಾಲಕ್ಕೆ ಬೇಕಾದಷ್ಟು ಒಣಹುಲ್ಲು ಹೊಂದಿಸಿ. ಕಾಗದದ ಅಥವಾ ಬಟ್ಟೆಯ ಚೀಲಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ತುಂಬಿ, ಅಡಿಗೆಮನೆಗೆ ಹತ್ತಿರ ಬೆಚ್ಚಗಿರುವ, ಆದರೆ ಹೊಗೆ ತಾಗದ ಕಡೆ, ನೆಲದಿಂದ ಮೇಲೆ ಇಡಿ. ಬಾಯಿ ಬಿಗಿದ ಪ್ಲಾಸ್ಟಿಕ್ ಕವರ್ ಬೇಡ.

ಹಸಿ ಹುಲ್ಲಿಗೂ ಲೆಕ್ಕ ಇದೆ. ಗರಿಕೆ, ಎಳೆಯ ಗಿನಿ ಹುಲ್ಲು ಒಳ್ಳೆಯದೇ. ಕೊಯ್ದ ಕೂಡಲೇ ಹರಡಿ ನೀರು ಆರಿಸಿ ಕೊಡಿ. ಬುಟ್ಟಿಯಲ್ಲಿ ಒತ್ತಿಟ್ಟ ಒದ್ದೆ ಹುಲ್ಲು ಗಂಟೆಗಳಲ್ಲೇ ಬಿಸಿಯೇರಿ ಹುಳಿಯುತ್ತದೆ, ಅದನ್ನು ತಿಂದರೆ ಹೊಟ್ಟೆ ಉಬ್ಬುತ್ತದೆ. ಕಾಫಿ ತೋಟದ ಒಳಗಿನ ಹುಲ್ಲನ್ನಂತೂ ಕೇಳದೆ ತರಬೇಡಿ. ಮಳೆಗೆ ಮುಂಚೆ ಕಾಫಿಗೂ ಒಳ್ಳೆಮೆಣಸಿಗೂ ಬೋರ್ಡೋ ದ್ರಾವಣ ಹೊಡೆದಿರುತ್ತಾರೆ. ಅದರಲ್ಲಿ ಮೈಲುತುತ್ತು ಇದೆ, ಅದು ಕೆಳಗಿನ ಹುಲ್ಲಿಗೂ ತೊಟ್ಟಿಕ್ಕುತ್ತದೆ. ಕಳೆನಾಶಕ ಹೊಡೆದ ಜಾಗವಂತೂ ಬೇಡವೇ ಬೇಡ. ಬೇಲಿಯ ಲಂಟಾನವೂ ವಿಷ, ಹುಲ್ಲಿನ ಜೊತೆ ಒಂದು ಎಲೆಯೂ ಸೇರದಂತೆ ಆರಿಸಿ.

ಮನೆಮದ್ದಿನ ವಿಷಯ. ಕೊಡವರ ಕಕ್ಕಡ ತಿಂಗಳ 18ರಂದು ನಾವು ಮದ್ದುಸೊಪ್ಪಿನ ಪಾಯಸ ಮಾಡಿ ಉಣ್ಣುತ್ತೇವೆ. ಮಗುವಿಗೆ ಹೊಟ್ಟೆನೋವು ಬಂದರೆ ಓಮದ ನೀರು ಕುಡಿಸುತ್ತೇವೆ. ಅವೆಲ್ಲ ಮನುಷ್ಯರಿಗೆ ಇರಲಿ. ಶುಂಠಿ, ಮೆಣಸಿನ ಕಷಾಯ, ಮಜ್ಜಿಗೆ, ಹಾಲು, ಹರಳೆಣ್ಣೆ ಯಾವುದನ್ನೂ ಗಿನಿಪಿಗ್ ಬಾಯಿಗೆ ಹಾಕಬೇಡಿ. ಅಕ್ಕಿ ಗಂಜಿ, ರಾಗಿ ಸರಿ ಕೂಡ ಬೇಡ. ಹಿಟ್ಟಿನ ಅಂಶ ಆ ಕರುಳಿನಲ್ಲಿ ಗ್ಯಾಸನ್ನೇ ಹೆಚ್ಚಿಸುತ್ತದೆ. ಪ್ರೀತಿಯಿಂದಲೇ ಕೊಡುತ್ತೇವೆ, ನಿಜ. ಆದರೆ ಅದರ ಹೊಟ್ಟೆ ಬೇರೆ.

ಕೈಯಿಂದ ತಿನ್ನಿಸುವ ಮುಂಚೆ ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ ನೋಡಿ. ದುಡಿಯ ಚರ್ಮದ ಹಾಗೆ ಬಿಗಿದಿದ್ದರೆ ಏನನ್ನೂ ತಿನ್ನಿಸಬೇಡಿ, ಉಜ್ಜಬೇಡಿ, ನೇರವಾಗಿ ಆಸ್ಪತ್ರೆಗೆ ಹೊರಡಿ. ಉಬ್ಬಿದ ಹೊಟ್ಟೆಗೆ ಇನ್ನಷ್ಟು ತುಂಬಿದರೆ ಪ್ರಾಣಕ್ಕೇ ಬರುತ್ತದೆ. ಹೊಟ್ಟೆ ಮೆದುವಾಗಿದ್ದು ತಿನ್ನುವುದನ್ನು ಮಾತ್ರ ಬಿಟ್ಟಿದ್ದರೆ, ಡಾಕ್ಟರನ್ನು ಕೇಳಿಕೊಂಡು ಸಿರಿಂಜ್‌ನಲ್ಲಿ ತಿನ್ನಿಸಬಹುದು. ಕಾಯಿಲೆ ಬಿದ್ದ ಗಿನಿಪಿಗ್‌ಗೆಂದೇ ನಾರಿನ ಪುಡಿ ಸಿಗುತ್ತದೆ. ಅದು ಬರುವವರೆಗೆ ಗಿನಿಪಿಗ್ ಪೆಲೆಟ್ಟನ್ನೇ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಒಣ ಆಹಾರ) ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಕಿವುಚಿ, ಗಂಟಿಲ್ಲದ ಹಾಗೆ ತೆಳ್ಳಗೆ ಮಾಡಿ. ಸೂಜಿ ತೆಗೆದ 1 ಮಿ.ಲೀ. ಸಿರಿಂಜ್ ಸಾಕು.

ಪ್ರಾಣಿಯನ್ನು ಟವೆಲ್‌ನಲ್ಲಿ ಸುತ್ತಿ ಮಡಿಲಲ್ಲಿ ಕೂರಿಸಿಕೊಳ್ಳಿ. ಬೆನ್ನ ಮೇಲೆ ಮಲಗಿಸಬೇಡಿ. ಮುಂದಿನ ಹಲ್ಲಿನ ಹಿಂದೆ ಒಂದು ಖಾಲಿ ಜಾಗ ಇರುತ್ತದೆ. ಬಾಯಿಯ ಪಕ್ಕದಿಂದ ಅಲ್ಲಿಗೆ ಸಿರಿಂಜ್ ತುದಿ ಇಟ್ಟು ಅರ್ಧ ಮಿ.ಲೀ.ಯಷ್ಟು ಬಿಡಿ. ಜಗಿದು ನುಂಗಿದ ಮೇಲೆ ಇನ್ನೊಂದು ಸಲ. ಒಟ್ಟಿಗೆ ಒತ್ತಿಬಿಟ್ಟರೆ ಶ್ವಾಸಕೋಶಕ್ಕೆ ಹೋಗುತ್ತದೆ. ಒಂದು ಕಿಲೋ ತೂಕದ ಪ್ರಾಣಿಗೆ ದಿನಕ್ಕೆ ಸುಮಾರು 50 ಮಿ.ಲೀ. ಬೇಕಾಗುತ್ತದೆ, ಐದಾರು ಹೊತ್ತಿಗೆ ಹಂಚಿಕೊಳ್ಳಿ. ಸರಿಯಾದ ಅಳತೆ ಡಾಕ್ಟರ್ ಹೇಳುತ್ತಾರೆ. ರಾತ್ರಿಯೂ ಒಂದು ಸಲ ಎದ್ದು ಕೊಡಬೇಕು. ಮನೆಯಲ್ಲಿ ಇಬ್ಬರು ಸರದಿ ಮಾಡಿಕೊಂಡರೆ ಒಳ್ಳೆಯದು. ತಿನ್ನಿಸುವ ಹೊತ್ತಿಗೆ ಟಿವಿ ಆರಿಸಿ, ನಾಯಿಯನ್ನು ಹೊರಗೆ ಬಿಡಿ. ಜೊತೆಗಾರ ಗಿನಿಪಿಗ್ ಇದ್ದರೆ ಪಕ್ಕದಲ್ಲೇ ಇರಲಿ. ಜೊತೆಯವರು ಹುಲ್ಲು ಕಡಿಯುವ ಸದ್ದು ಕೇಳಿ ತಾನೂ ಕಡಿಯಲು ಶುರು ಮಾಡಬಹುದು.

ಹೀಗೆ ತಿನ್ನಿಸುವುದು ಕಾಲ ತಳ್ಳುವ ಉಪಾಯ ಅಷ್ಟೇ, ಕಾಯಿಲೆಗೆ ಮದ್ದಾಗುವುದಿಲ್ಲ. ಹುಲ್ಲು ಬಿಡಲು ಏನು ಕಾರಣ ಅಂತ ಡಾಕ್ಟರ್ ಹುಡುಕಬೇಕು. ಇವುಗಳ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಒಳಗಿನ ದವಡೆಹಲ್ಲು ಓರೆಯಾಗಿ ಬೆಳೆದು ನಾಲಿಗೆ ಚುಚ್ಚುತ್ತಿದ್ದರೆ ಹೊರಗೆ ಏನೂ ಕಾಣುವುದಿಲ್ಲ. ತಿನ್ನಲು ಬಂದು ಬಾಯಿಂದ ಬಿಟ್ಟುಬಿಡುವುದು, ಗಲ್ಲ ಒದ್ದೆಯಾಗುವುದು ಅದರ ಗುರುತು. ಮೂತ್ರದಲ್ಲಿ ಕಲ್ಲು ಇದ್ದರೂ ನೋವಿಗೆ ಊಟ ಬಿಡುತ್ತದೆ.

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆ ಪಶುವೈದ್ಯರು ನೋಡುವುದು ಹೆಚ್ಚಾಗಿ ದನ, ಹಂದಿ, ನಾಯಿ. ಆದ್ದರಿಂದ ಪ್ರಾಣಿ ಚೆನ್ನಾಗಿರುವಾಗಲೇ ಒಮ್ಮೆ ಫೋನ್ ಮಾಡಿ, ಮೊಲ, ಗಿನಿಪಿಗ್ ನೋಡುತ್ತಾರಾ ಅಂತ ಕೇಳಿಟ್ಟುಕೊಳ್ಳಿ. ಇಲ್ಲದಿದ್ದರೆ ಮೈಸೂರಿಗೆ ಹೋಗಬೇಕಾಗುತ್ತದೆ. ಮಡಿಕೇರಿಯಿಂದ ಸುಮಾರು 120 ಕಿ.ಮೀ., ಮಳೆಯಲ್ಲಿ ಸಣ್ಣ ದಾರಿಯಲ್ಲ. ಪೆಟ್ಟಿಗೆಯಲ್ಲಿ ಹುಲ್ಲು ಹಾಕಿ, ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಬದಿಗೆ ಇಡಿ. ಬಿಸಿ ಹೆಚ್ಚಾದರೆ ಸರಿದು ಕೂರಲು ಇನ್ನೊಂದು ಬದಿ ಖಾಲಿ ಇರಲಿ. ಆ ದಿನದ ಹಿಕ್ಕೆಯನ್ನು ಒಂದು ಡಬ್ಬಿಯಲ್ಲಿ ಜೊತೆಗೇ ಒಯ್ಯಿರಿ.

ಇದೊಂದನ್ನು ಮಾತ್ರ ಮರೆಯಬೇಡಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆ, ಸಿರಪ್ ಯಾವತ್ತೂ ಕೊಡಬೇಡಿ. ಪೆನಿಸಿಲಿನ್ ಜಾತಿಯ ಔಷಧಿಗಳು ಗಿನಿಪಿಗ್ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು, ವಿಷ ಮಾಡುವವನ್ನು ಬೆಳೆಸುತ್ತವೆ. ಕೆಲವೇ ದಿನಗಳಲ್ಲಿ ಪ್ರಾಣಿ ಸಾಯಬಹುದು. ಡಾಕ್ಟರ್ ಆ್ಯಂಟಿಬಯೋಟಿಕ್ ಬರೆದರೆ 'ಇದು ಗಿನಿಪಿಗ್‌ಗೆ ಆಗುತ್ತಾ ಸರ್?' ಅಂತ ಕೇಳಲು ಸಂಕೋಚ ಪಡಬೇಡಿ.

ವಿಟಮಿನ್ ಸಿ ನಮ್ಮ ಹಾಗೆ ಇವುಗಳ ಮೈಯಲ್ಲೂ ತಯಾರಾಗುವುದಿಲ್ಲ. ದಿನವೂ ಹೊರಗಿನಿಂದ ಕೊಡಬೇಕು, ಕಾಯಿಲೆಯಲ್ಲಿ ಇನ್ನೂ ಹೆಚ್ಚು. ಮೊಲದ ಪೆಲೆಟ್‌ನಲ್ಲಿ ಅದನ್ನು ಸೇರಿಸಿರುವುದಿಲ್ಲ. ನೀರಿಗೆ ಹಾಕಿದ ಹನಿಗಳು ಬೇಗ ಶಕ್ತಿ ಕಳೆದುಕೊಳ್ಳುತ್ತವೆ. ಗಟ್ಟಿಮುಟ್ಟಾಗಿರುವಾಗ ಒಂದು ಹೋಳು ದೊಣ್ಣೆಮೆಣಸಿನಕಾಯಿ ಒಳ್ಳೆಯದು. ನಮ್ಮ ಕಿತ್ತಳೆ ಸಿಹಿ, ಹುಳಿ ಎರಡೂ ಇರುವ ಹಣ್ಣು. ಅಪರೂಪಕ್ಕೆ ಒಂದು ಚೂರು ಸಾಕು, ಹೊಟ್ಟೆ ಕೆಟ್ಟಿರುವಾಗ ಬೇಡ.

ಭೇದಿ ಆದರೆ ಸೊಪ್ಪು, ತರಕಾರಿ, ಹಣ್ಣು ನಿಲ್ಲಿಸಿ. ಒಣಹುಲ್ಲು ಮತ್ತು ನೀರು ಮಾತ್ರ ಸದಾ ಇರಲಿ. ಮರಿಯಾದರೆ ಗಂಟೆಗಳಲ್ಲೇ ನೀರಿನಂಶ ಕಳೆದುಕೊಂಡು ಸೋಲುತ್ತದೆ, ಕೂಡಲೇ ಹೊರಡಿ. ಹಿಂಭಾಗವನ್ನು ಬೆಚ್ಚಗಿನ ನೀರಿನ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ಒದ್ದೆ ಬಿಟ್ಟರೆ ನೊಣ ಮೊಟ್ಟೆಯಿಟ್ಟು ಹುಳವಾಗುತ್ತದೆ. ಹಾಸನ್ನು ದಿನಕ್ಕೆ ಎರಡು ಸಲ ಬದಲಿಸಿ.

ಹಿಕ್ಕೆ ಮೊದಲಿನ ಗಾತ್ರಕ್ಕೆ ಬಂದು ಎರಡು ಮೂರು ದಿನ ಹಾಗೇ ನಿಂತ ಮೇಲೆ ಒಂದು ಎಸಳು ಕೊತ್ತಂಬರಿ ಕೊಟ್ಟು ನೋಡಿ. ಮಾರನೆ ದಿನ ಹಿಕ್ಕೆ ಸರಿಯಿದ್ದರೆ ಇನ್ನೊಂದು ಎಸಳು. ಎಲೆಕೋಸು, ಹೂಕೋಸಿನ ಎಲೆ ಆಮೇಲೂ ಬೇಡ. ದಿನವೂ ಅದೇ ಹೊತ್ತಿಗೆ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ, ಕ್ಯಾಲೆಂಡರ್ ಮೇಲೆ ಬರೆದಿಡಿ. ಒಂದು ಕಿಲೋ ಇದ್ದದ್ದು 900 ಗ್ರಾಮಿಗೆ ಇಳಿದರೆ, ತಿನ್ನುತ್ತಿದ್ದರೂ ಸರಿ, ಮತ್ತೆ ಡಾಕ್ಟರ ಬಳಿ ಕರೆದುಕೊಂಡು ಹೋಗಿ.