ಬುಲೆಟ್‌ಪ್ರೂಫ್ ಜಾಕೆಟ್ ಕಡ್ಡಾಯ ಮಾಡ್ರಿ ಅನ್ನೋಕ್ಕಿಂತ ಮುಂಚೆ: ಕೈಗೆ ಬಂದ ಜಾಕೆಟ್ ಹೆಂಗ ನೋಡ್ಬೇಕು, ಹೆಂಗ ಹಾಕ್ಕೋಬೇಕು

ಮಹಾರಾಷ್ಟ್ರದ ಅಕ್ಕಲಕೋಟ, ಜತ್ತ, ಸೊಲ್ಲಾಪುರ ಕಡಿಂದ ಪೊಲೀಸ್ ಭರ್ತಿ ಆಗಿ ಮುಂಬೈ-ಪುಣೆಗೆ ಬಂದಿರೋ ನಮ್ಮ ಕನ್ನಡ ಹುಡುಗ್ರು, ಹುಡುಗ್ಯಾರು ಭಾಳ ಮಂದಿ ಅದಾರ. ಅವರೂ ಕೇಳ್ತಾರ, ಮನಿಯವ್ರೂ ಕೇಳ್ತಾರ, "ಕಾಕಾ, ಜಾಕೆಟ್ ಎಲ್ಲಾರಿಗೂ ಕಡ್ಡಾಯ ಯಾಕ ಮಾಡಂಗಿಲ್ಲ?" ಅಂತ. ನಾ ಸ್ಟೋರ್‌ದಾಗ, ಆರ್ಮರಿದಾಗ ನೌಕರಿ ಮುಗಿಸಿದಾಂವ, ನನ್ನ ಉತ್ತರ ಏನಂದ್ರ ಡ್ಯೂಟಿ ನೋಡಿ ಕಡ್ಡಾಯ ಮಾಡ್ರಿ, ಎಲ್ಲಾರಿಗೂ ಎಲ್ಲಾ ಟೈಮಿಗೂ ಅಂದ್ರ ಆ ಆರ್ಡರ್ ಕಾಗದದಾಗೇ ಉಳೀತದ. ಮತ್ತ ಕಡ್ಡಾಯ ಅನ್ನೋದು ಬರೀ ಶಿಪಾಯಿಗಲ್ಲ, ಸರಿ ಸೈಜಿಂದು, ಸರಿ ಲೆವೆಲ್ಲಿಂದು, ಕೆಟ್ಟಿರಲಾರದ್ದು ಕೊಡೋದು ಸಾಹೇಬ್ರಿಗೂ ಕಡ್ಡಾಯ ಆಗ್ಬೇಕು. ಅದೆಲ್ಲಾ ಆಗೂತನಕ ಕೂಡಂಗಿಲ್ಲಲ್ಲ, ಅದಕ್ಕ ನಿಮ್ಮ ಕೈಯಾಗಿರೋದನ್ನ ನೀವ ನೋಡ್ಕೋಳೋದು ಹೆಂಗಂತ ಬರೀತೀನಿ.

ಮೊದ್ಲು ಲೇಬಲ್ ಓದ್ರಿ. ಜಾಕೆಟ್ ಅಂದ್ರ ಎಲ್ಲಾ ಒಂದೇ ಅಂತ ತಿಳ್ಕೊಂಡಿರ್ತಾರ, ಹಂಗಿಲ್ಲ. ಮೆತ್ತಗಿರೋದು, ಅಂದ್ರ ಕೆವ್ಲಾರ್‌ನಂಥಾ ಅರಾಮಿಡ್ ಬಟ್ಟಿ ಪದರ ಪದರ ಹಾಕಿ ಮಾಡಿದ್ದು, 9 ಎಂಎಂ ಪಿಸ್ತೂಲು ಕಾರ್ಬೈನ್ ಗುಂಡು ತಡೀತದ, ಎಕೆ-47 ಗುಂಡು ತಡ್ಯಂಗಿಲ್ಲ. ಎಕೆ ತಡೀಬೇಕಂದ್ರ ಮುಂದ-ಹಿಂದ ಗಟ್ಟಿ ಪ್ಲೇಟ್ ಬೇಕು, ಸಿರಾಮಿಕ್ ಇಲ್ಲಾ ಪಾಲಿಎಥಿಲೀನಿಂದು. ನಮ್ಮ ದೇಶದಾಗ ಸಾಮಾನಿನ ಗುಣಮಟ್ಟ ಗೊತ್ತು ಮಾಡೋ ಸಂಸ್ಥೆ ಬಿಐಎಸ್, ಅದರ ಜಾಕೆಟ್ ಸ್ಟ್ಯಾಂಡರ್ಡ್ ಐಎಸ್ 17051, 2018ರಾಗ ಬಂದದ್ದು, ಅದರಾಗ ಆರು ಲೆವೆಲ್ ಅದಾವ, ಕೆಳಗಿಂದು 9 ಎಂಎಂಗೆ, ಮ್ಯಾಲ ಹೋದಂಗ ರೈಫಲ್ಲಿಗೆ. ಅಮೇರಿಕದಾಗ ಜಾಕೆಟ್ ಪರೀಕ್ಷೆ ಮಾಡಿ ಮಾನ್ಯತೆ ಕೊಡೋ ಸರ್ಕಾರಿ ಸಂಸ್ಥೆ ಎನ್‌ಐಜೆ, ಅದರ ಲೇಬಲ್ ಇದ್ರ ಹಳೇ ಪದ್ಧತಿಯೊಳಗ 3ಎ ತನಕ ಪಿಸ್ತೂಲಿಂದು, 3 ಮತ್ತ 4 ರೈಫಲ್ಲಿಂದು, 2023ರ ಹೊಸ ಸ್ಟ್ಯಾಂಡರ್ಡಿನಾಗ ಎಚ್‌ಜಿ ಅಂತ ಇದ್ರ ಹ್ಯಾಂಡ್‌ಗನ್, ಆರ್‌ಎಫ್ ಅಂತ ಇದ್ರ ರೈಫಲ್. ತಯಾರಾದ ತಾರೀಕು, ವಾರಂಟಿ ಎಷ್ಟು ವರ್ಷ ಅನ್ನೋದೂ ಅಲ್ಲೇ ಇರ್ತದ, ಮೆತ್ತಗಿನ ಪ್ಯಾನಲ್ಲಿಗೆ, ಅಂದ್ರ ಹೊರಗಿನ ಚೀಲದೊಳಗ ಇರೋ ಗುಂಡು ತಡಿಯೋ ಭಾಗಕ್ಕ, ಸಾಮಾನ್ಯ 5 ವರ್ಷ. ಲೇಬಲ್ಲೇ ಅಳಿಸಿ ಹೋಗಿದ್ರ ಅದು ಯಾವ ಗುಂಡಿಗೆ ಅಂತ ಯಾರೂ ಹೇಳಲಾರರು, ಅಂಥಾದ್ದು ಹಾಕ್ಕೊಂಡು ಮುಂದ ಹೋಗೋದು ಅಂದ್ರ ನಂಬಿಕಿ ಮ್ಯಾಲ ಹೋದಂಗ.

ಲೆವೆಲ್ ಯಾಕ ಇಷ್ಟು ಹೇಳ್ತೀನಂದ್ರ, 2008ರ ನವೆಂಬರ್ 26ರ ರಾತ್ರಿ ಮುಂಬೈ ಮ್ಯಾಲ ದಾಳಿ ಮಾಡಿದ ಉಗ್ರರ ಕೈಯಾಗ ಇದ್ದದ್ದು ಎಕೆ. ಭಯೋತ್ಪಾದನೆ ನಿಗ್ರಹ ದಳದ (ಎಟಿಎಸ್) ಮುಖ್ಯಸ್ಥ ಹೇಮಂತ ಕರ್ಕರೆ ಅವ್ರು ಹೆಲ್ಮೆಟ್ಟು ಜಾಕೆಟ್ಟು ಹಾಕ್ಕೊಳ್ಳೋದನ್ನ ಇಡೀ ದೇಶ ಟಿವಿಯಾಗ ನೋಡ್ತು, ಆಮ್ಯಾಲ ಕಾಮಾ ಆಸ್ಪತ್ರಿ ಬಾಜೂ ಗಲ್ಲಿಯೊಳಗ ಅವ್ರು, ಅಶೋಕ ಕಾಮ್ಟೆ, ವಿಜಯ ಸಾಳಸ್ಕರ್ ಮೂವರೂ ಪೊಲೀಸ್ ಅಧಿಕಾರಿಗಳು ಗುಂಡಿಗೆ ಜೀವ ಬಿಟ್ರು. ಕರ್ಕರೆ ಅವ್ರ ಜಾಕೆಟ್ ಹೆಂಥಾದ್ದಿತ್ತು ಅಂತ ಪ್ರಶ್ನೆ ಎದ್ದಾಗ ನೋಡಿದ್ರ ಆ ಜಾಕೆಟ್ಟೇ ಕಳದು ಹೋಗಿತ್ತು, ಅವ್ರ ಹೆಂಡ್ತಿ ಕವಿತಾ ಅವ್ರು ಮಾಹಿತಿ ಹಕ್ಕಿನಾಗ ಅರ್ಜಿ ಹಾಕಿ ಕೇಳ್ಬೇಕಾತು. ಗಿರಗಾಂವ್ ಚೌಪಾಟಿ ನಾಕಾಬಂದಿಯೊಳಗ ಉಗ್ರ ಕಸಬ್‌ನ ಎಕೆ ನಳಿಗಿ ಹಿಡಿದ ಪೊಲೀಸ್ ತುಕಾರಾಮ ಓಂಬ್ಳೆ ಅವ್ರ ಕೈಯಾಗಂತೂ ಇದ್ದದ್ದು ಬರೀ ಲಾಠಿ. ನಾಕಾಬಂದಿಗೆ ಜಾಕೆಟ್ ಯಾಕ ಕಡ್ಡಾಯ ಆಗ್ಬೇಕು ಅಂತ ಯಾರರ ಕೇಳಿದ್ರ ಇದನ್ನ ಹೇಳ್ರಿ.

ಈಗ ಫಿಟ್ಟಿಂಗ್. ಇದರಾಗೇ ಎಲ್ಲಾರೂ ಅಸಡ್ಡೆ ಮಾಡ್ತಾರ. ಜಾಕೆಟ್ ಹಾಕ್ಕೊಂಡು ಕನ್ನಡಿ ಮುಂದ ನಿಂತ್ರ ಗೊತ್ತಾಗಂಗಿಲ್ಲ, ಒಂದು ಪ್ಲಾಸ್ಟಿಕ್ ಖುರ್ಚಿ ತಗೊಂಡು ಕೂಡ್ರಿ. ಕುಂತಾಗ ಕೆಳಗಿನ ಅಂಚು ಬೆಲ್ಟಿಗೆ ಬಡಿದು ಇಡೀ ಜಾಕೆಟ್ ಮ್ಯಾಲ ಸರದು ಗಂಟಲಿಗೆ ಒತ್ತಿದ್ರ ಅದು ನಿಮಗ ಉದ್ದ ಆತು, ನಿಂತಾಗ ಬೆಲ್ಟಿಗೂ ಅಂಚಿಗೂ ನಡುವ ಎರಡು-ಮೂರು ಬೆರಳು ಜಾಗ ಇರ್ಬೇಕು. ಮ್ಯಾಲಿನ ಅಂಚು ಕತ್ತಿನ ಕೆಳಗ, ಎರಡು ಕಾಲರ್ ಎಲುಬು ಕೂಡೋ ತಗ್ಗಿನ ಹತ್ರ ಬರ್ಬೇಕು, ಎದಿ ನಡುವಿಗೆ ಇಳಿದಿದ್ರ ಹೃದಯದ ಮ್ಯಾಲಿನ ದೊಡ್ಡ ರಕ್ತನಾಳ ಖುಲ್ಲಾ ಉಳೀತಾವ. ಮಂದಿ ಹೊಟ್ಟಿ ಮುಚ್ಚಲಿ ಅಂತ ಪಟ್ಟಿ ಸಡಿಲು ಮಾಡಿ ಪ್ಲೇಟ್ ಕೆಳಗ ಇಳಿಸ್ತಾರ, ಅದು ತಪ್ಪು, ಪ್ಲೇಟ್ ಇರೋದು ಹೃದಯ-ಪುಪ್ಪುಸಕ್ಕ. ಆಮ್ಯಾಲ ಎರಡೂ ಕೈ ಮುಂದ ಚಾಚಿ ಬಂದೂಕು ಹಿಡಿದಂಗ ಮಾಡ್ರಿ, ಬಗಲಾಗ ಎಷ್ಟು ಸಂದಿ ಬಿತ್ತು ಅಂತ ಬಾಜೂದವ್ರಿಗೆ ನೋಡಾಕ ಹೇಳ್ರಿ. ಮೆತ್ತಗಿನ ಜಾಕೆಟ್ಟಾದ್ರ ಬಾಜೂಕ ಮುಂದಿನ ಪ್ಯಾನಲ್ ಹಿಂದಿನದರ ಮ್ಯಾಲ ಏರ್ಬೇಕು, ನಡುವ ಅಂಗಿ ಕಾಣಬಾರ್ದು. ಹೆಣ್ಮಕ್ಕಳಿಗೆ ಗಂಡಸರ ಅಳತಿದು ಕೊಟ್ರ ಎದಿ ಮ್ಯಾಲ ಪ್ಯಾನಲ್ ಎದ್ದು ನಿಂತು ಬಗಲಾಗ ದೊಡ್ಡ ಸಂದಿ ಬೀಳ್ತದ, ಹೆಣ್ಮಕ್ಕಳಿಗಂತನ ಬ್ಯಾರೆ ಕಟಿಂಗ್ ಬರ್ತಾವ, ಅದನ್ನ ಕೇಳ್ರಿ ತಂಗೀ, ಸಂಕೋಚ ಬ್ಯಾಡ.

ವೆಲ್ಕ್ರೋ ನೋಡ್ರಿ ಒಮ್ಮೆ. ಅದರಾಗ ಕೂದಲಾ, ದಾರದ ಎಳಿ, ಧೂಳಾ ತುಂಬಿರ್ತದ, ಒತ್ತಿದ್ರ ಚರ್ ಅನ್ನಂಗಿಲ್ಲ, ಹತ್ತು ಹೆಜ್ಜಿ ಓಡಿದ್ರ ಬಿಚ್ಚಿ ಹೋಗ್ತದ. ಹಳೇ ಹಲ್ಲಿನ ಬ್ರಶ್ಶಿಲೆ ತಿಕ್ಕಿ ತಗೀರಿ, ಹತ್ತು ನಿಮಿಷದ ಕೆಲ್ಸ.

ಪ್ಲೇಟ್ ಇದ್ರ ಹೊರಗ ತಗದು ನೋಡ್ರಿ. ಒಂದು ಬಾಜೂ ಸ್ಟ್ರೈಕ್ ಫೇಸ್ ಅಂತ ಬರ್ದಿರ್ತದ, ಅಂದ್ರ ಗುಂಡು ಬಡಿಯೋ ಬಾಜೂ, ಅದು ಹೊರಗ ಬರ್ಬೇಕು, ತಗ್ಗಾಗಿ ಬಾಗಿದ ಬಾಜೂ ಮೈ ಕಡೆ. ಉಲ್ಟಾ ಹಾಕಿದ್ರ ಸಿರಾಮಿಕ್ಕು ಹಿಂದ ಉಳೀತದ, ಗುಂಡನ್ನ ಮೊದ್ಲು ಒಡೀಬೇಕಾದ್ದು ಸಿರಾಮಿಕ್ಕು, ಒಡೆದ ಚೂರನ್ನ ಹಿಡೀಬೇಕಾದ್ದು ಅದರ ಹಿಂದಿನ ಪದರ, ಕ್ರಮ ತಿರುಗಾಮುರುಗಾ ಆದ್ರ ಏನ್ ಉಪಯೋಗ? ಸಿರಾಮಿಕ್ಕಿಗೆ ಇನ್ನೊಂದು ಕಾಯಿಲೆ ಅಂದ್ರ ಕೈಯಿಂದ ಬಿದ್ರ ಒಳಗ ಸೀಳ್ತದ, ಮ್ಯಾಲ ಬಟ್ಟಿ ಇರೋದ್ರಿಂದ ಕಾಣಂಗಿಲ್ಲ. ಬೆರಳ ಗೆಣ್ಣಿಲೆ ಅಂಚಿನ ಸುತ್ತ ಬಡೀರಿ, ಸೀಳಿದ ಗಡಿಗಿ ಬಡದಂಗ ಒಂದ ಕಡೆ ಬೊದ್ದು ಸಪ್ಪಳ ಬಂದ್ರ, ಇಲ್ಲಾ ಅಲ್ಲಾಡ್ಸಿದಾಗ ಒಳಗ ಕರಕರ ಅಂದ್ರ ಬದ್ಲಿ ಕೇಳ್ರಿ. ಪಕ್ಕಾ ಗೊತ್ತಾಗೋದು ಎಕ್ಸ್‌ರೇದಾಗ ಮಾತ್ರ. ಜಾಕೆಟ್ ತಲಿ ಕೆಳಗ ಇಟ್ಕೊಂಡು ಮಲಗೋದು, ಜೀಪಿನಿಂದ ನೆಲಕ್ಕ ಒಗಿಯೋದು ಇದೆಲ್ಲಾ ಬಿಡ್ರಿ.

ಮಳಿ ಮತ್ತ ಬೆವರು. ಕೊಂಕಣ ಕಡೆ, ಮುಂಬೈದಾಗ, ಗೋವಾದಾಗ ಇದ ದೊಡ್ಡ ವೈರಿ. 2003ರಾಗ ಅಮೇರಿಕದ ಪೆನ್ಸಿಲ್ವೇನಿಯಾದಾಗ ಒಬ್ಬ ಪೊಲೀಸ್ ಅಧಿಕಾರಿಗೆ ಜಾಕೆಟ್ ಹಾಕ್ಕೊಂಡಿದ್ರೂ ಗುಂಡು ಒಳಗ ಹೊಕ್ತು, ಆ ಜಾಕೆಟ್ ಝೈಲಾನ್ ಅನ್ನೋ ನೂಲಿಂದು, ತಡಿಬೇಕಾದ ಗುಂಡನ್ನೇ ತಡೀಲಿಲ್ಲ. ಆಮ್ಯಾಲ ತಪಾಸಣಿ ಮಾಡಿದ್ರ ತೇವಕ್ಕ ಬಿಸಿಗೆ ಆ ನೂಲು ಸತ್ವ ಕಳ್ಕೋತದ ಅಂತ ಬಂತು, 2005ರಾಗ ಎನ್‌ಐಜೆ ಅದಕ್ಕ ಮಾನ್ಯತೆ ತಗೀತು. ಕೆವ್ಲಾರ್ ಅಷ್ಟು ನಾಜೂಕಿಲ್ಲ, ಆದ್ರೂ ತೊಯ್ದ್ರ ಗುಂಡು ತಡಿಯೋ ಶಕ್ತಿ ಇಳೀತದ, ಬಿಸಿಲಿಗೂ ಕೆಡ್ತದ, ಅದಕ್ಕ ಪ್ಯಾನಲ್ಲನ್ನ ನೀರು ಹೋಗಲಾರದ ಕವರಿನಾಗ ಹಾಕಿ ಸೀಲ್ ಮಾಡಿರ್ತಾರ. ಆ ಕವರ್ ಹರಿದಿದ್ರ ಸೂಜಿ-ದಾರ ಹಿಡೀಬ್ಯಾಡ್ರಿ, ಬದ್ಲಿ ಕೇಳ್ರಿ. ಹೊರಗಿನ ಚೀಲ ಒಗೀಬಹುದು, ಪ್ಯಾನಲ್ ಮಾತ್ರ ನೀರಾಗ ಮುಳುಗಿಸೋದು, ಬ್ಲೀಚ್ ಹಾಕೋದು, ಇಸ್ತ್ರಿ ಮಾಡೋದು ಇಲ್ಲ, ಹಸಿ ಬಟ್ಟಿಲೆ ಒರಸಿ ನೆರಳಾಗ ಸಪಾಟ ಮಲಗಿಸಿ ಇಡ್ರಿ. ಮೊಳೆಗೆ ತೂಗು ಹಾಕಿದ್ರ ಪ್ಯಾನಲ್ ಜೋತು ಮಡಚ್ತದ. ಬಿಸಿಲಿಗೆ ನಿಂತ ಗಾಡಿ ಡಿಕ್ಕಿಯೊಳಗ ಬಿಡೋದಂತೂ ಬ್ಯಾಡೇ ಬ್ಯಾಡ, ಪಾಲಿಎಥಿಲೀನ್ ಪ್ಲೇಟಿಗೆ ಬಿಸಿ ಆಗಿ ಬರಂಗಿಲ್ಲ.

ಮೈಗೆ ಒಳಗ ಕಾಟನ್ ಬನಿಯನ್, ಇನ್ನೊಂದು ಚೀಲದಾಗ. ಬೆವರುಸಾಲಿ ಎದ್ರ ಪೌಡರ್ ಹಚ್ಚಿ ಸುಮ್ಮನಿರಬ್ಯಾಡ್ರಿ, ತಾಸಿಗೊಮ್ಮೆ ನೀರು ಕುಡೀರಿ, ಓಆರ್‌ಎಸ್ ಇಲ್ಲಾ ಉಪ್ಪು ಹಾಕಿದ ಲಿಂಬು ಶರಬತ್ತು, ಗೋವಾ ಕಡೆ ಇದ್ರ ಕೋಕಂ. ತಲಿ ತಿರುಗಿ ಬೆವರು ನಿಂತ್ರ ಮೊದ್ಲು ಜಾಕೆಟ್ ಬಿಚ್ಚಿ ನೆರಳಿಗೆ ಹೋಗ್ರಿ, ಆರ್ಡರ್ ಆಮ್ಯಾಲ ನೋಡೋಣ.

ಇನ್ನ ಯಾವ ಡ್ಯೂಟಿಗೆ ಯಾವುದು. ರಾತ್ರಿ ನಾಕಾಬಂದಿ, ಫರಾರಿ ಆರೋಪಿ ಮನಿ ಮ್ಯಾಲ ರೇಡ್, ಗ್ಯಾಂಗಿನ ಆರೋಪಿನ್ನ ಕೋರ್ಟಿಗೆ ಕರ್ಕೊಂಡು ಹೋಗೋದು, ಗಡಚಿರೋಲಿ ಕಾಡಿನ ನಕ್ಸಲ್ ಬಂದೋಬಸ್ತ್, ಇವಕ್ಕ ಜಾಕೆಟ್ ಕಡ್ಡಾಯ ಇರ್ಬೇಕು, ವಾದವೇ ಬ್ಯಾಡ. ಪುಣೆ ಗಣಪತಿ ವಿಸರ್ಜನಾ ಮೆರವಣಿಗಿ ಲಕ್ಷ್ಮೀ ರಸ್ತೆಯಾಗ ಒಂದು ದಿವಸ ದಾಟಿ ನಡೀತದ, ಅಲ್ಲಿ ಪ್ಲೇಟ್ ಹಾಕಿದ ಭಾರದ ಜಾಕೆಟ್ ಎಲ್ಲಾರಿಗೂ ಹಾಕಿಸಿದ್ರ ಗುಂಡಿಗಿಂತ ಮೊದ್ಲು ಬಿಸಿಲೇ ಬೀಳಸ್ತದ. ಕಲ್ಲು ತೂರಾಟ ಇದ್ದಲ್ಲಿ ಬೇಕಾದ್ದು ಬಾಡಿ ಪ್ರೊಟೆಕ್ಟರ್, ಶೀಲ್ಡ್, ಹೆಲ್ಮೆಟ್, ಅವು ಗುಂಡು ತಡ್ಯಂಗಿಲ್ಲ ಅನ್ನೋದು ನೆನಪಿರ್ಲಿ. ಅದೇ ರೀತಿ ಗುಂಡಿನ ಮೆತ್ತಗಿನ ಜಾಕೆಟ್ ಚಾಕು ತಡೀತದ ಅಂತ ತಿಳ್ಕೋಬ್ಯಾಡ್ರಿ, ಚೂಪಾದ್ದು ನೂಲಿನ ಸಂದಿಯಾಗ ಸರಕೊಂಡು ಹೋಗ್ತದ, ಚಾಕುವಿಗೆ ಬ್ಯಾರೆ ಸ್ಟ್ಯಾಂಡರ್ಡೇ ಅದ. 2016ರಾಗ ಖಾರ್‌ದಾಗ ಟ್ರಾಫಿಕ್ ಹವಾಲ್ದಾರ ವಿಲಾಸ ಶಿಂದೆ ಅವ್ರಿಗೆ ಪೆಟ್ಟು ಬಿದ್ದದ್ದು ತಲಿಗೆ, ಜಾಕೆಟ್ ಇದ್ರೂ ಅಲ್ಲಿ ಏನೂ ಮಾಡ್ತಿರ್ಲಿಲ್ಲ. ಹಿಂಗಾಗಿ ಒಂದೇ ಸಾಮಾನು ಎಲ್ಲಾರ ಮೈಮ್ಯಾಲ ಹೊರಿಸೋ ಆರ್ಡರಿಗೆ ನಾ ಒಪ್ಪಂಗಿಲ್ಲ.

ಅಮೇರಿಕದಾಗ ಇದನ್ನ ಜರಾ ಶಾಣ್ಯಾತನದಿಂದ ಮಾಡ್ಯಾರ. 1998ರ ಕಾಯಿದೆ ಪ್ರಕಾರ ಜಾಕೆಟ್ ಖರೀದಿಗೆ ಕೇಂದ್ರ ಸರ್ಕಾರ ಅರ್ಧದ ತನಕ ರೊಕ್ಕ ಕೊಡ್ತದ, 2011ರಿಂದ ಆ ರೊಕ್ಕ ಬೇಕಂದ್ರ ಯೂನಿಫಾರ್ಮಿನವ್ರು ಹಾಕ್ಕೋಳೋದು ಕಡ್ಡಾಯ ಅಂತ ಬರವಣಿಗಿಯೊಳಗ ನಿಯಮ ಇರ್ಬೇಕು. ರೊಕ್ಕ ಒಂದು ಕೈಯಾಗ, ನಿಯಮ ಇನ್ನೊಂದು ಕೈಯಾಗ. ನಮ್ಮಲ್ಲಿ ನಿಯಮ ಅಷ್ಟೇ ಬಂದು ಜಾಕೆಟ್ ಬರಲಿಲ್ಲಂದ್ರ ಹಾಕ್ಕೋಳಿಲ್ಲ ಅಂತ ಶಿಪಾಯಿಗೇ ಮೆಮೊ ಬರ್ತದ, ಅದ ನನ್ನ ಅಂಜಿಕಿ.

ಗುಂಡು ಬಿದ್ದು ಜಾಕೆಟ್ ತಡದ್ರೂ ದವಾಖಾನಿಗೆ ಹೋಗಾಕಬೇಕು. ಟೆಸ್ಟಿಂಗಿನಾಗ ಮೈ ಬದ್ಲಿಗೆ ಜಾಕೆಟ್ ಹಿಂದ ಇಟ್ಟ ಜೇಡಿ ಮಣ್ಣು 44 ಮಿಲಿಮೀಟರ್ ತನಕ ತಗ್ಗು ಬಿದ್ರೂ ಎನ್‌ಐಜೆ ಪಾಸ್ ಮಾಡ್ತದ, ಆ ಪೆಟ್ಟು ನಿಮ್ಮ ಪಕ್ಕೆಲುಬಿಗೆ ಬೀಳ್ತದ, ರಕ್ತ ಬರಲಿಲ್ಲಂತ ಮನಿಗೆ ಹೋಗಬ್ಯಾಡ್ರಿ. ಆ ಜಾಕೆಟ್ ಮತ್ತ ಹಾಕ್ಕೋಬಾರ್ದು, ಮುದ್ದೇಮಾಲ್, ಅಂದ್ರ ಕೇಸಿನ ಪುರಾವೆ ಸಾಮಾನು ಅಂತ ಸೀಲ್ ಮಾಡಿ ಇಡಸ್ರಿ.

ಮನಿಯವ್ರು ಗಾಬರಿಯಾಗಿ ಆನ್‌ಲೈನಿನಾಗ ಟ್ಯಾಕ್ಟಿಕಲ್ ವೆಸ್ಟ್ ತರಸ್ತಾರ, ಅದರಾಗ ಭಾಳಷ್ಟು ಆಟಕ್ಕ ಮಾಡಿದ ಖಾಲಿ ಚೀಲ, ಒಳಗ ಫೋಮ್ ಇರ್ತದ. ದುಡ್ಡು ದಂಡ.

ಜಾಕೆಟ್ ಸರಿ ಇಲ್ಲಂತ ಹೇಳೋ ದಾರಿನೂ ಗೊತ್ತಿರ್ಲಿ. ಪೊಲೀಸರಿಗೆ ಯೂನಿಯನ್ ಕಟ್ಟೋ ಹಾದಿ 1966ರ ಕಾಯಿದೆಯಿಂದ ಭಾಳ ಇಕ್ಕಟ್ಟು, ವಾಟ್ಸಾಪಿನಾಗ ಫೋಟೋ ಹಾಕಿದ್ರ ನಿಮಗ ತ್ರಾಸ. ಡ್ಯೂಟಿಗೆ ತಗೋಳಾಗ್ಗೇ ಜಾಕೆಟ್ ನಂಬರು, ಲೆವೆಲ್ಲು, ಎಲ್ಲಿ ಹರದದ ಅನ್ನೋದನ್ನ ಸ್ಟೇಷನ್ ಡೈರಿಯಾಗ ಬರಸ್ರಿ, ಸಿಬ್ಬಂದಿ ತಕರಾರು ಕೇಳೋ ಸಭೆ, ಅಂದ್ರ ದರಬಾರಿನಾಗ ಸಾಹೇಬ್ರ ಮುಂದ ಎದ್ದು ನಿಂತು ಹೇಳ್ರಿ, ಬದ್ಲಿಗೆ ಅರ್ಜಿ ಮರಾಠಿಯೊಳಗ ನಾಕು ಸಾಲಿನಾಗ ಕೊಡ್ರಿ, ಕೊಟ್ಟ ಮ್ಯಾಲ ಆವಕ ನಂಬರ್ (ಅರ್ಜಿ ಮುಟ್ಟಿದ್ದಕ್ಕ ಆಫೀಸಿನವ್ರು ಹಾಕೋ ನಂಬರು) ಹಾಕಿಸಿದ ಒಂದು ಕಾಪಿ ನಿಮ್ಮ ಹತ್ರ ಇಟ್ಕೋರಿ.