ಮೊದಲು ಅಜ್ಜನ ಮೊಬೈಲ್

ಮಕ್ಕಳನ್ನು ಅಂತರ್ಜಾಲದಲ್ಲಿ ಕಾಪಾಡುವ ಬಗ್ಗೆ ಸಿಗುವ ಸಲಹೆಗಳೆಲ್ಲ ಮಗುವಿನ ಕೈಯಲ್ಲಿ ಸ್ವಂತ ಫೋನ್ ಇದೆ, ಅದರಲ್ಲಿ ಮಗುವಿನ ವಯಸ್ಸಿಗೆ ತಕ್ಕ ಖಾತೆ ಇದೆ ಎಂದು ಹಿಡಿದುಕೊಂಡೇ ಹೊರಡುತ್ತವೆ. ಶಿರಸಿ ಪೇಟೆಯಿಂದಾಚೆ, ತೋಟದ ಅಂಚಿಗಿರುವ ನಮ್ಮಂಥ ಮನೆಗಳಿಗೆ ಆ ಲೆಕ್ಕ ಕೂಡುವುದಿಲ್ಲ. ಇಲ್ಲಿ ಮಕ್ಕಳು ಹಿಡಿದು ಕೂರುವುದು ಅಜ್ಜನ ಮೊಬೈಲ್. ಅದರ ಖಾತೆಯಲ್ಲಿರುವ ಹುಟ್ಟಿದ ವರ್ಷ ಅಜ್ಜನದು. ರಾತ್ರಿ ಊಟವಾದ ಮೇಲೆ ಜಗುಲಿಯ ಮೂಲೆಯಲ್ಲಿ ವಿಡಿಯೊ ನೋಡುತ್ತಿರುವುದು ಆರನೇ ತರಗತಿಯ ಹುಡುಗ ಎಂದು ಆ ಫೋನಿಗೆ ಗೊತ್ತಿಲ್ಲ. ಅದರ ಪಾಲಿಗೆ ಅವನು ಎಪ್ಪತ್ತು ದಾಟಿದ ಅಡಿಕೆ ಬೆಳೆಗಾರ. ಜಾಹೀರಾತೂ ಶಿಫಾರಸೂ ಆ ಯಜಮಾನನಿಗೆ ತಕ್ಕಂತೆಯೇ ಬರುತ್ತವೆ. ಮಕ್ಕಳಿಗೆಂದು ಕಂಪನಿಗಳು ಇಟ್ಟಿರುವ ಕಾವಲು ಅಲ್ಲಿ ಕೆಲಸಕ್ಕೇ ಬರುವುದಿಲ್ಲ. ಆದ್ದರಿಂದ ನಾನು ಕೈಹಾಕಿದ್ದು ಮೊದಲು ಮಾವನವರ ಫೋನಿಗೆ.

2020ರ ಕೋವಿಡ್ ಕಾಲದಲ್ಲಿ ನಮ್ಮ ಕಡೆಯ ಮಕ್ಕಳು ಸಿಗ್ನಲ್‌ಗಾಗಿ ಗುಡ್ಡ ಹತ್ತಿ, ಕೊಡೆ ಹಿಡಿದುಕೊಂಡು ಪಾಠ ಕೇಳಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದರಲ್ಲಿ ಒಂದು ಅನುಕೂಲವೂ ಇತ್ತು ಎಂದು ಈಗ ಅನ್ನಿಸುತ್ತದೆ. ಬಯಲಿನಲ್ಲಿ, ನಾಲ್ಕು ಜನರ ಕಣ್ಣೆದುರಿಗೆ ಫೋನ್ ನೋಡಬೇಕಿತ್ತು. ಆಮೇಲೆ ಕೇಬಲ್ ಮನೆಯೊಳಗೆ ಬಂತು, ವೈಫೈ ಅಟ್ಟದವರೆಗೂ ಹರಡಿತು. ಅಟ್ಟದ ಮೇಲೆ ಯಾರು ಏನು ನೋಡುತ್ತಿದ್ದಾರೆಂದು ಅಡುಗೆಮನೆಯಲ್ಲಿದ್ದವಳಿಗೆ ಹೇಗೆ ತಿಳಿಯಬೇಕು?

ಮಾವನವರ ಹತ್ತಿರ ಮಾತೆತ್ತುವುದೇ ಈ ಇಡೀ ಕೆಲಸದ ಕಷ್ಟದ ಭಾಗವಾಗಿತ್ತು. ಸೊಸೆ ಬಂದು ಮಾವನ ಫೋನಿನಲ್ಲಿ ಏನಿದೆ ನೋಡುತ್ತೇನೆ ಎನ್ನುವುದು ಚೆಂದದ ಮಾತಲ್ಲ. ಅದಕ್ಕೆ ಮಕ್ಕಳ ಸುದ್ದಿ ಎತ್ತದೆ ದುಡ್ಡಿನ ಕಡೆಯಿಂದ ಶುರು ಮಾಡಿದೆ. "ಮಾವ, ನಿಮ್ಮ ಯುಪಿಐ ಪಿನ್ ತಮನಿಗೆ ಗೊತ್ತಂತೆ, ಹೌದೇ?" ಎಂದು ಕೇಳಿದೆ. ತಮ ಎಂದರೆ ನನ್ನ ಮಗ. ಅವರು ನಕ್ಕುಬಿಟ್ಟರು. "ಕರೆಂಟ್ ಬಿಲ್ ಕಟ್ಟುವವನು ಅವನೇ ತಂಗೀ, ನನಗೆ ಆ ಸಣ್ಣ ಅಕ್ಷರ ಎಲ್ಲಿ ಕಾಣುತ್ತದೆ?" ಎಂದರು. ಮಾತು ನಿಜ. ಬಿಲ್ ಕಟ್ಟುವವನು, ರೀಚಾರ್ಜ್ ಮಾಡುವವನು, ಒಟಿಪಿ ಓದಿ ಹೇಳುವವನು, ಅಡಿಕೆ ಧಾರಣೆ ಹುಡುಕಿ ಕೊಡುವವನು, ಎಲ್ಲ ನಮ್ಮ ಹುಡುಗನೇ. ಮನೆಯ ಡಿಜಿಟಲ್ ವ್ಯವಹಾರವನ್ನೆಲ್ಲ ಹನ್ನೊಂದು ವರ್ಷದವನ ಹೆಗಲಿಗೆ ಹಾಕಿ, ಅವನು ಮೊಬೈಲ್ ಬಿಡುವುದಿಲ್ಲ ಎಂದು ಗೊಣಗುತ್ತಿದ್ದವರು ನಾವು ದೊಡ್ಡವರು.

ಪಿನ್ ಬದಲಾಯಿತು. ಯುಪಿಐಗೆ ಜೋಡಿಸಿದ್ದ ಮುಖ್ಯ ಖಾತೆಯನ್ನು ಬಿಡಿಸಿ, ತಿಂಗಳ ಖರ್ಚಿನಷ್ಟೇ ಹಣ ಇರುವ ಬೇರೊಂದು ಖಾತೆ ಜೋಡಿಸಿದೆವು. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಟ್ಟೆವು. ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿಕೊಟ್ಟ ಮೇಲೆ ಮಾವನವರು ಬಿಲ್ಲನ್ನು ತಾವೇ ಕಟ್ಟತೊಡಗಿದರು. ಈ ಉಪಕಾರದ ಬಲದಿಂದ ನನಗೆ ವಾಟ್ಸಾಪ್‌ವರೆಗೂ ದಾರಿ ಸಿಕ್ಕಿತು.

ವಾಟ್ಸಾಪ್‌ನಲ್ಲಿ ಮಾಡಿದ್ದು ಸಣ್ಣ ಕೆಲಸಗಳು. ಗುಂಪುಗಳಲ್ಲಿ ಬರುವ ಚಿತ್ರ, ವಿಡಿಯೊ ತಾವಾಗಿಯೇ ಇಳಿದು ಗ್ಯಾಲರಿ ಸೇರುವುದನ್ನು ನಿಲ್ಲಿಸಿದೆ. ಯಾಕೆಂದರೆ ಮಗಳು ಬಣ್ಣದ ಚಿತ್ರ ಹುಡುಕುತ್ತ ಮೊದಲು ತೆರೆಯುವುದೇ ಗ್ಯಾಲರಿ, ಮತ್ತು ಹಿರಿಯರ ಗುಂಪುಗಳಲ್ಲಿ ಏನೆಲ್ಲ ಹರಿದಾಡುತ್ತದೆ ಎಂಬುದನ್ನು ಬಿಡಿಸಿ ಬರೆಯುವ ಅಗತ್ಯವಿಲ್ಲ. ಪರಿಚಯದವರು ಮಾತ್ರ ಗುಂಪಿಗೆ ಸೇರಿಸಬಹುದು, ಅಪರಿಚಿತ ಸಂಖ್ಯೆಯ ಕರೆ ಸದ್ದು ಮಾಡಬಾರದು ಎಂದು ಇಟ್ಟೆ. ಎರಡೂ ಗೌಪ್ಯತೆಯ ಸೆಟ್ಟಿಂಗ್‌ನಲ್ಲೇ ಸಿಗುತ್ತವೆ.

ಆದರೆ ನಿಜಕ್ಕೂ ನೆಮ್ಮದಿ ಕೊಟ್ಟಿದ್ದು ಆಂಡ್ರಾಯ್ಡ್‌ನಲ್ಲಿ ಬಹಳ ವರ್ಷಗಳಿಂದ ಇದ್ದೂ ಯಾರೂ ಬಳಸದ ಒಂದು ಸೌಲಭ್ಯ: ಆ್ಯಪ್ ಪಿನ್ ಮಾಡುವುದು. ಭದ್ರತೆಯ ಸೆಟ್ಟಿಂಗ್‌ಗೆ ಹೋಗಿ ಅದನ್ನು ಒಮ್ಮೆ ಚಾಲೂ ಮಾಡಬೇಕು. ಬಿಡಿಸುವಾಗ ಲಾಕ್ ಸಂಖ್ಯೆ ಕೇಳಲಿ ಎಂಬುದನ್ನೂ ಅಲ್ಲೇ ಒತ್ತಿಡಬೇಕು. ಆಮೇಲೆ ಮಗುವಿಗೆ ಬೇಕಾದ ಆ್ಯಪ್ ತೆರೆದು, ಇತ್ತೀಚಿನ ಆ್ಯಪ್‌ಗಳ ಪರದೆಗೆ ಬಂದು, ಅದರ ಚಿಹ್ನೆ ಒತ್ತಿ ಪಿನ್ ಆರಿಸಿದರೆ ಮುಗಿಯಿತು. ಫೋನ್ ಆ ಒಂದೇ ಆ್ಯಪ್‌ನಲ್ಲಿ ನಿಲ್ಲುತ್ತದೆ. ಸಂಖ್ಯೆ ಗೊತ್ತಿಲ್ಲದೆ ಹೊರಗೆ ಬರಲಾಗದು. ಮೂರನೇ ತರಗತಿಯ ಮಗಳಿಗೆ ಅಜ್ಜ ಈಗ ಹೀಗೆಯೇ ಫೋನ್ ಕೊಡುವುದು. "ಕಟ್ಟಿಹಾಕಿ ಕೊಟ್ಟಿದ್ದೇನೆ" ಎನ್ನುತ್ತಾರೆ, ಕೊಟ್ಟಿಗೆಯ ಕರುವಿನ ಬಗ್ಗೆ ಹೇಳುವ ದನಿಯಲ್ಲೇ. ಅವಳಿಗೆ ಇರುವುದು ಯೂಟ್ಯೂಬ್ ಕಿಡ್ಸ್. ಅದರಲ್ಲೂ ನಾನು ಒಪ್ಪಿದ ಚಾನೆಲ್ ಮಾತ್ರ ಕಾಣುವಂತೆ ಇಡಲು ಬರುತ್ತದೆ, ಹಾಗೆಯೇ ಇಟ್ಟಿದ್ದೇನೆ.

ಮಗನಿಗೆ ನನ್ನ ಹಳೆಯ ಫೋನನ್ನು ಪೂರ್ತಿ ಅಳಿಸಿ, ಅವನ ನಿಜವಾದ ಹುಟ್ಟಿದ ದಿನಾಂಕ ಹಾಕಿ, ಮಕ್ಕಳ ಖಾತೆಯ ಮೇಲೆ ಹೆತ್ತವರು ಕಣ್ಣಿಡಲು ಗೂಗಲ್ ಕೊಟ್ಟಿರುವ ಫ್ಯಾಮಿಲಿ ಲಿಂಕ್ ಮೂಲಕ ಖಾತೆ ಮಾಡಿಕೊಟ್ಟೆ. ಅದರಲ್ಲಿ ಸಿಮ್ ಇಲ್ಲ. ಹೊಸ ಆ್ಯಪ್ ಬೇಕೆಂದರೆ ನನ್ನ ಫೋನಿಗೆ ಕೋರಿಕೆ ಬರುತ್ತದೆ. ಬಂದ ಕೋರಿಕೆಗೆ ಅಂದೇ ಉತ್ತರ ಕೊಡುತ್ತೇನೆ. ಬೇಡವೆಂದರೆ ಯಾಕೆ ಬೇಡವೆಂದು ಕೂರಿಸಿಕೊಂಡು ಹೇಳುತ್ತೇನೆ. ಉತ್ತರ ಕೊಡದೆ ಬಿಟ್ಟರೆ ಹುಡುಗರು ಬೇರೆ ಫೋನ್ ಹುಡುಕುತ್ತಾರೆ, ಅಜ್ಜನದು ಹೇಗೂ ಅಲ್ಲೇ ಇರುತ್ತದೆ.

ವೈಫೈ ರೂಟರ್‌ನ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್, ಅಂದರೆ ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆಯ ಜಾಗದಲ್ಲಿ 1.1.1.3 ಎಂದು ಹಾಕಿದ್ದೇನೆ. ಕ್ಲೌಡ್‌ಫ್ಲೇರ್ ಎಂಬ ಕಂಪನಿ ಕುಟುಂಬಗಳಿಗೆಂದು ಉಚಿತವಾಗಿ ಕೊಡುವ ಈ ಸೇವೆ ಅಶ್ಲೀಲ ತಾಣಗಳನ್ನೂ ಕುತಂತ್ರಾಂಶ ಹರಡುವ ತಾಣಗಳನ್ನೂ ತಡೆಯುತ್ತದೆ. ಮೊಬೈಲ್ ಡೇಟಾ ಚಾಲೂ ಮಾಡಿದರೆ ಇದು ಲೆಕ್ಕಕ್ಕಿಲ್ಲ. ನಮ್ಮಲ್ಲಿ ಮನೆಯೊಳಗೆ ಡೇಟಾ ಸಿಗುವುದೇ ಇಲ್ಲ. ಸಿಗ್ನಲ್ ಇಲ್ಲದ ಊರಿಗೆ ಇದೊಂದು ಲಾಭ.

ಇಷ್ಟೆಲ್ಲ ಆದ ಮೇಲೂ ತೊಂದರೆ ಬಂದಿದ್ದು ಬೇರೆ ದಾರಿಯಿಂದ. ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗನ ಫೋನಿನಲ್ಲಿ ಅವನೂ ನನ್ನ ಮಗನೂ ಆಟ ಆಡುತ್ತಿದ್ದರು. ಆಟದೊಳಗಿನ ಚಾಟ್‌ನಲ್ಲಿ ಯಾರೋ ಒಬ್ಬ ಮೊದಲು ಆಟದ ನಾಣ್ಯ ಉಚಿತವಾಗಿ ಕೊಡುವುದಾಗಿ ಹೇಳಿ, ಆಮೇಲೆ ಯಾವ ಶಾಲೆ ಎಂದು ಕೇಳಿ, ಮತ್ತೆ ಮನೆಯಲ್ಲಿ ಈಗ ಯಾರಿದ್ದಾರೆ ಎಂದು ಕೇಳಿ, ಕೊನೆಗೆ ವಾಟ್ಸಾಪ್‌ಗೆ ಬಂದು ಫೋಟೊ ಕಳಿಸು ಎಂದಿದ್ದ. ಮಗ ಫೋನ್ ಹಿಡಿದುಕೊಂಡು ನೇರ ಅಡುಗೆಮನೆಗೆ ಬಂದ. "ಆಯಿ, ಇವನು ಹುಡುಗನಲ್ಲ ಅನ್ನಿಸುತ್ತದೆ" ಎಂದ. ನಾನು ಕೈಯಲ್ಲಿದ್ದ ಸಟ್ಟುಗ ಕೆಳಗಿಟ್ಟು ಓದಿದೆ. ಒಂದೊಂದು ಪ್ರಶ್ನೆಯ ನಡುವೆಯೂ ನಗುವ ಮುಖದ ಚಿಹ್ನೆ ಇತ್ತು.

ಅವನು ಬಂದು ಹೇಳಿದ್ದಕ್ಕೆ ಕಾರಣ ನನ್ನ ಯಾವ ಸೆಟ್ಟಿಂಗೂ ಅಲ್ಲ. ಬಂದು ಹೇಳಿದ್ದಕ್ಕೆ ಫೋನ್ ಕಸಿಯುವುದಿಲ್ಲ ಎಂದು ಮೊದಲೇ ಒಪ್ಪಂದ ಆಗಿತ್ತು, ಅದನ್ನು ಸಣ್ಣಪುಟ್ಟ ವಿಷಯಗಳಲ್ಲಿ ನಾವು ನಡೆಸಿಯೂ ಇದ್ದೆವು. ಅಣ್ಣನ ಮಗನಿಗೆ ಆ ನಂಬಿಕೆ ಇರಲಿಲ್ಲ. "ಅತ್ತೆ, ಅಪ್ಪನಿಗೆ ಹೇಳಬೇಡಿ, ಫೋನ್ ಹೋಗುತ್ತದೆ" ಎಂದು ಅವನು ಬೇಡಿಕೊಂಡ. ಹೇಳಲೇಬೇಕಿತ್ತು, ಹೇಳಿದೆ. ಆದರೆ ಮಕ್ಕಳಿಬ್ಬರನ್ನೂ ಹತ್ತಿರ ಕೂರಿಸಿಕೊಂಡು, ಅವರೆದುರಿಗೇ ಹೇಳಿದೆ.

ಮಾತುಕತೆಯನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದು, ಆ ಖಾತೆಯ ಗುರುತಿನ ಸಂಖ್ಯೆ ಬರೆದಿಟ್ಟುಕೊಂಡು, ಆಮೇಲೆಯೇ ಆಟದಲ್ಲಿ ದೂರು ಕೊಟ್ಟು ತಡೆಹಾಕಿದೆವು. ಸಿಟ್ಟಿನಲ್ಲಿ ಮೊದಲು ಅಳಿಸಿಬಿಟ್ಟರೆ ಪೊಲೀಸರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ವಿಷಯ ಮುಂದೆ ಬೆಳೆಯಲಿಲ್ಲ. ಬೆಳೆದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲೂ ದೂರು ದಾಖಲಿಸಬಹುದು. ಲೈಂಗಿಕ ಉದ್ದೇಶದಿಂದ ಮಗುವನ್ನು ಮೊಬೈಲ್ ಮೂಲಕ ಪದೇ ಪದೇ ಸಂಪರ್ಕಿಸುವುದೂ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅಪರಾಧ. ಮುಟ್ಟಲಿಲ್ಲವಲ್ಲ, ಬರೀ ಮೆಸೇಜ್ ತಾನೆ ಎನ್ನುವ ಹಿರಿಯರಿಗೆ ನಾನು ಇದನ್ನೇ ಹೇಳುವುದು.

ಇನ್ನೊಂದು ಮಾತನ್ನು ನಮ್ಮ ಮಹಿಳಾ ಸಂಘದಲ್ಲಿ ಒತ್ತಿ ಹೇಳಿದ್ದೇನೆ. ಮಗುವಿನ ಅಶ್ಲೀಲ ಚಿತ್ರವೇನಾದರೂ ಕೈಗೆ ಬಂದರೆ, ನೋಡಿ ಹೀಗಾಗಿದೆ ಎಂದು ನೆಂಟರಿಗೆ, ಗುಂಪಿಗೆ ಕಳಿಸಬಾರದು. ಒಳ್ಳೆಯ ಉದ್ದೇಶದಿಂದಲೇ ಕಳಿಸಿದರೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನ ತೊಡಕಿಗೆ ಸಿಕ್ಕಿಕೊಳ್ಳಬಹುದು, ಮಗುವಿನ ಮಾನವೂ ಹೋಗುತ್ತದೆ. ಹದಿನೆಂಟರ ಒಳಗಿನವರ ಇಂಥ ಚಿತ್ರ ಹರಡದಂತೆ ತಡೆಯಲು ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ ಇದೆ. ಅದಕ್ಕೆ ಚಿತ್ರವನ್ನು ಕಳಿಸಬೇಕಿಲ್ಲ. ಫೋನಿನಲ್ಲೇ ಚಿತ್ರದ ಬೆರಳಚ್ಚಿನಂಥ ಒಂದು ಸಂಕೇತ ತಯಾರಾಗಿ, ಅದಷ್ಟೇ ಹೋಗುತ್ತದೆ. ಅದರಲ್ಲಿ ಪಾಲ್ಗೊಂಡಿರುವ ಕಂಪನಿಗಳು ಆ ಸಂಕೇತವನ್ನು ಇಟ್ಟುಕೊಂಡು ತಮ್ಮಲ್ಲಿ ಹುಡುಕುತ್ತವೆ.

ರಜೆಯ ಆ ಪ್ರಸಂಗದ ನಂತರ ನೆಂಟರ ಮಕ್ಕಳಿಗೂ ಒಂದು ಪದ್ಧತಿ ಬಂದಿದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಮನೆ ತುಂಬಾ ಜನ, ತುಂಬಾ ಮೊಬೈಲ್. ಅಟ್ಟಕ್ಕೆ ಮೊಬೈಲ್ ಇಲ್ಲ; ರಾತ್ರಿ ಎಲ್ಲವೂ ಜಗುಲಿಯ ಒಂದೇ ಪ್ಲಗ್‌ಬೋರ್ಡಿನ ಹತ್ತಿರ ಚಾರ್ಜ್ ಆಗಬೇಕು, ದೊಡ್ಡವರದ್ದೂ. ದೊಡ್ಡವರು ಮೊದಲು ಮುಖ ಊದಿಸಿಕೊಂಡರು. ನನ್ನ ಗಂಡನೂ ಅವರಲ್ಲಿ ಒಬ್ಬರು.

ಮಗನಿಗೆ ಬರುವ ವರ್ಷ ಹದಿಮೂರು. ವಾಟ್ಸಾಪ್, ಇನ್‌ಸ್ಟಾಗ್ರಾಂ ಎರಡಕ್ಕೂ ಕನಿಷ್ಠ ವಯಸ್ಸು ಅದೇ, ಅವನಿಗೆ ಅದು ಬಾಯಿಪಾಠ. ವಾಟ್ಸಾಪ್ ಕೊಡುವುದೆಂದು ತೀರ್ಮಾನಿಸಿದ್ದೇವೆ. ಇನ್‌ಸ್ಟಾಗ್ರಾಂ ಕೊಡುವುದಾದರೆ ನಿಜವಾದ ವಯಸ್ಸಿನಲ್ಲೇ. ಆಗ ಅದು ಹದಿಹರೆಯದವರ ಖಾತೆಯಾಗಿ, ತಾನಾಗಿಯೇ ಖಾಸಗಿಯಾಗಿರುತ್ತದೆ. ಹದಿನಾರರ ಒಳಗೆ ಅದರ ಬಿಗಿ ಸಡಿಲಿಸಲು ನಮ್ಮ ಒಪ್ಪಿಗೆ ಬೇಕಾಗುತ್ತದೆ. ಅವನು ಪ್ರತಿಯಾಗಿ ಒಂದು ಷರತ್ತು ಹಾಕಿದ್ದಾನೆ: ಅವನ ಯಕ್ಷಗಾನ ವೇಷದ ಫೋಟೊಗಳನ್ನು ಕೇಳದೆ ನಾನು ಸ್ಟೇಟಸ್‌ಗೆ ಹಾಕಬಾರದು. ಒಪ್ಪಿದ್ದೇನೆ. ಮಾವನವರು ಇನ್ನೂ ಚೌಕಾಶಿ ಮಾಡುತ್ತಿದ್ದಾರೆ.