ಮಾರ್ಚ್ ಮುಗಿಯುವ ಮೊದಲು ಮಾರಿ, ಮತ್ತೆ ಕೊಳ್ಳಿ

ತೀರ್ಥಹಳ್ಳಿ, ಸಾಗರದ ಕಡೆ ಅಡಿಕೆ ಮಾರಿದ ಹಣವನ್ನು ಈಕ್ವಿಟಿ (ಷೇರುಗಳಲ್ಲಿ ಹೂಡುವ) ಮ್ಯೂಚುವಲ್ ಫಂಡ್‌ನಲ್ಲಿಟ್ಟು ಹತ್ತಾರು ವರ್ಷ ಮುಟ್ಟಬಾರದೆಂದುಕೊಂಡವರೂ, ಕೊಂಡು ವರ್ಷ ದಾಟಿದ ಯೂನಿಟ್‌ಗಳಲ್ಲಿ (ಫಂಡ್‌ನ ಪಾಲುಗಳಲ್ಲಿ) ₹1.25 ಲಕ್ಷ ಮೀರದ ಲಾಭ ಬರುವಷ್ಟನ್ನು ಪ್ರತಿ ಮಾರ್ಚ್ ಮೂರನೇ ವಾರದೊಳಗೆ ಮಾರಿ, ಅದೇ ಫಂಡ್‌ನಲ್ಲಿ ಮತ್ತೆ ಹೂಡುವುದು ಒಳ್ಳೆಯದು. ಆ ಮಿತಿಯವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆಯಿಲ್ಲ, ಬಳಸದ ವಿನಾಯಿತಿ ಮುಂದಿನ ವರ್ಷಕ್ಕೆ ಉಳಿಯುವುದೂ ಇಲ್ಲ. ₹1 ಲಕ್ಷದ ಹೂಡಿಕೆ ₹2 ಲಕ್ಷವಾಗಿದ್ದರೆ, ಮರಳಿ ಕೊಂಡ ಬಳಿಕ ಖರೀದಿ ಬೆಲೆಯೇ ₹2 ಲಕ್ಷವಾಗಿ, ಶೇ. 12.5ರ ತೆರಿಗೆ ಮುಂದೆ ಅದಕ್ಕಿಂತ ಮೇಲಿನ ಲಾಭಕ್ಕಷ್ಟೇ ಬೀಳುತ್ತದೆ. ಮೂರು ವರ್ಷ ತುಂಬದ ಇಎಲ್‌ಎಸ್‌ಎಸ್‌ಗೆ (ಅಷ್ಟು ಕಾಲ ಮಾರಲಾಗದ ತೆರಿಗೆ ಉಳಿತಾಯದ ಫಂಡ್), ಸಾಲಪತ್ರಗಳ ಫಂಡ್‌ಗೆ ಇದು ನಡೆಯದು. ಹೊಸ ಯೂನಿಟ್‌ಗಳಿಗೆ ಹನ್ನೆರಡು ತಿಂಗಳ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ. ಖಾತೆಗೆ ಬಂದ ಹಣ ತೋಟದ ಮಣ್ಣು, ಗೊಬ್ಬರಕ್ಕೆ ಕರಗಿದರಂತೂ (ಮಲೆನಾಡಿನಲ್ಲಿ ಕರಗುವುದೇ ಹೆಚ್ಚು) ಉಪಾಯ ಅಲ್ಲಿಗೇ ಕೆಟ್ಟಿತು.